ಪಿಸಾ ಪ್ರಶ್ನೆಗಳಿಗೆ ನಾಲ್ಕೂವರೆ ಸ್ಟಾರ್, ರ್‍ಯಾಂಕ್ ಪಟ್ಟಿಗೆ ಎರಡೇ

ನಾನಾ ದೇಶಗಳ ಮಕ್ಕಳ ಕಲಿಕೆಯನ್ನು ಅಳೆಯುವ ಪಿಸಾ ಪರೀಕ್ಷೆ ಅಂದರೆ ಪೇಪರಿನಲ್ಲಿ ಬರುವುದು ಒಂದೇ ಸುದ್ದಿ. ಯಾವ ದೇಶ ಮೊದಲು, ಯಾವ ದೇಶ ಕೊನೆ. ಸಿಂಗಾಪುರ ಮೇಲೆ, ಫಿನ್ಲೆಂಡ್ ಇಳಿಯಿತು, ಇಂಡಿಯಾ ಬರಲೇ ಇಲ್ಲ. ಅಲ್ಲಿಗೆ ಮುಗಿಯಿತು. ಆದರೆ ಈ ಪರೀಕ್ಷೆಯ ಹಳೆಯ ಪ್ರಶ್ನೆಗಳಲ್ಲಿ ಒಂದಷ್ಟನ್ನು, ಇದನ್ನು ನಡೆಸುವ ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟ) ಪುಕ್ಕಟೆಯಾಗಿ ಎಲ್ಲರಿಗೂ ಬಿಟ್ಟಿದೆ, ಯಾವ ಉತ್ತರಕ್ಕೆ ಎಷ್ಟು ಮಾರ್ಕ್ಸ್ ಅನ್ನುವ ವಿವರದ ಸಮೇತ. ಅದನ್ನು ತೆಗೆದು ನೋಡಿದವರು ನಮ್ಮಲ್ಲಿ ಕಡಿಮೆ. ನಾನು ಹೈಸ್ಕೂಲ್ ಮಕ್ಕಳಿಗೆ ಗಣಿತದ ಟ್ಯೂಷನ್ ಮಾಡುವವನು, ಇವನ್ನು ಬಳಸುತ್ತಾ ಬಂದಿದ್ದೇನೆ. ಹಾಗಾಗಿ ಈ ರಿವ್ಯೂ ಮುಖ್ಯವಾಗಿ ಆ ಪ್ರಶ್ನೆಗಳದ್ದು. ರ್‍ಯಾಂಕ್ ಪಟ್ಟಿಯ ಬಗ್ಗೆಯೂ ಹೇಳುತ್ತೇನೆ, ಆದರೆ ಅದು ಬೇರೆಯೇ ಮಾಲು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 2000ದಲ್ಲಿ ಶುರುವಾಯಿತು. 15 ವರ್ಷದ ಮಕ್ಕಳಿಗೆ ಎರಡು ಗಂಟೆಯ ಪರೀಕ್ಷೆ. ಓದು, ಗಣಿತ, ವಿಜ್ಞಾನ. ಮೂರು ವರ್ಷಕ್ಕೊಮ್ಮೆ ನಡೆಯುತ್ತಿತ್ತು, 2021ರದ್ದು ಕೋವಿಡ್‌ನಿಂದ 2022ಕ್ಕೆ ಹೋಯಿತು. ಆ ಸಲ 81 ದೇಶ ಮತ್ತು ಪ್ರದೇಶಗಳ ಸುಮಾರು 6.9 ಲಕ್ಷ ಮಕ್ಕಳು ಬರೆದರು. ಪಾಠ ನೆನಪಿದೆಯಾ ಅಂತ ಇದು ಕೇಳುವುದಿಲ್ಲ. ಕಲಿತದ್ದನ್ನು ಹೊಸ ಜಾಗದಲ್ಲಿ ಬಳಸುತ್ತೀಯಾ ಅಂತ ಕೇಳುತ್ತದೆ. ಎಲ್ಲ ಮಕ್ಕಳಿಗೂ ಒಂದೇ ಪ್ರಶ್ನೆಪತ್ರಿಕೆಯೂ ಇಲ್ಲ, ಯಾಕೆಂದರೆ ಅಳೆಯುವುದು ಇಡೀ ವ್ಯವಸ್ಥೆಯನ್ನು, ಒಂದೊಂದು ಮಗುವನ್ನಲ್ಲ.

ನನಗೆ ತುಂಬ ಇಷ್ಟವಾದದ್ದು ದರೋಡೆಯ ಪ್ರಶ್ನೆ. ಟಿವಿ ವರದಿಗಾರ ಒಂದು ಗ್ರಾಫ್ ತೋರಿಸಿ, 1998ರಿಂದ 1999ಕ್ಕೆ ದರೋಡೆಗಳು ಭಾರೀ ಹೆಚ್ಚಾಗಿವೆ ಅನ್ನುತ್ತಾನೆ. ಎರಡು ಕಂಬ ಇವೆ, ಎರಡನೆಯದು ಮೊದಲನೆಯದರ ಎರಡು ಪಟ್ಟಿಗಿಂತ ಎತ್ತರ. ಆದರೆ ಅಳತೆ ಶುರುವಾಗುವುದು ಸೊನ್ನೆಯಿಂದಲ್ಲ, 505ರ ಹತ್ತಿರದಿಂದ. ಸರಿಯಾಗಿ ಓದಿದರೆ 508ರ ಆಸುಪಾಸಿನಿಂದ 516ರ ಆಸುಪಾಸಿಗೆ ಹೋಗಿದೆ, ಅಷ್ಟೇ. ಅಂದರೆ ನೂರಕ್ಕೆ ಎರಡೂ ಇಲ್ಲ. ಪ್ರಶ್ನೆ ಏನಪ್ಪಾ ಅಂದರೆ, ವರದಿಗಾರ ಹೇಳಿದ್ದು ಸರಿಯಾ, ಕಾರಣ ಕೊಡಿ.

ಇದಕ್ಕೆ ಬೇಕಾದ ಗಣಿತ ಆರನೇ ಕ್ಲಾಸಿನದ್ದು. ಆದರೂ ಚೆನ್ನಾಗಿ ಓದುವ ಹತ್ತನೇ ಕ್ಲಾಸಿನ ಮಕ್ಕಳೇ ತಡವರಿಸುತ್ತಾರೆ. ಮೊದಲು ಕೇಳುವುದೇ "ಸರ್, ಇದು ಯಾವ ಚಾಪ್ಟರ್?" ಅಂತ. ಆಮೇಲೆ "ಎಷ್ಟು ಮಾರ್ಕ್ಸ್‌ಗೆ?" ಅಂತ. ಚಾಪ್ಟರ್ ಹೇಳಿಬಿಟ್ಟರೆ ಅರ್ಧ ಉತ್ತರ ಹೇಳಿದ ಹಾಗೆ, ಅದಕ್ಕೇ ನಾನು ಹೇಳುವುದಿಲ್ಲ. ಈಗ ಚುನಾವಣೆ ಬಂತೆಂದರೆ ವಾಟ್ಸಾಪ್‌ನಲ್ಲಿ ಹರಿದಾಡುವ ಗ್ರಾಫ್‌ಗಳಲ್ಲಿ ಎಷ್ಟು ಈ ಜಾತಿಯವು ಅಂತ ನೋಡಿ, ಈ ಪ್ರಶ್ನೆಯ ಬೆಲೆ ಗೊತ್ತಾಗುತ್ತದೆ.

ನಡಿಗೆಯ ಪ್ರಶ್ನೆಯೂ ಒಳ್ಳೆಯದು. ನಿಮಿಷಕ್ಕೆ ಎಷ್ಟು ಹೆಜ್ಜೆ ಅನ್ನುವುದನ್ನು ಹೆಜ್ಜೆಯ ಉದ್ದದಿಂದ ಭಾಗಿಸಿದರೆ ಹೆಚ್ಚುಕಡಿಮೆ 140 ಬರುತ್ತದೆ ಅಂತ ಒಂದು ಸೂತ್ರ ಕೊಡುತ್ತಾರೆ. ಒಬ್ಬ ನಿಮಿಷಕ್ಕೆ 70 ಹೆಜ್ಜೆ ಹಾಕಿದರೆ ಅವನ ಹೆಜ್ಜೆ ಎಷ್ಟು ಉದ್ದ? ಅರ್ಧ ಮೀಟರ್. ಇದನ್ನು ಎಲ್ಲರೂ ಮಾಡುತ್ತಾರೆ. ಮುಂದಿನದರಲ್ಲಿ ಇನ್ನೊಬ್ಬನ ಹೆಜ್ಜೆ 0.80 ಮೀಟರ್ ಅಂತ ಕೊಟ್ಟು, ಅವನ ವೇಗ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಕೇಳುತ್ತಾರೆ. 112 ಹೆಜ್ಜೆ ಅಂತ ಬಂದ ಕೂಡಲೇ ಅರ್ಧ ಕ್ಲಾಸ್ ಪೆನ್ ಕೆಳಗಿಡುತ್ತದೆ. ಸೂತ್ರದಿಂದ ಒಂದು ಸಂಖ್ಯೆ ಬಂತಲ್ಲ, ಮುಗೀತು ಅಂತ! ಅದನ್ನು ಮತ್ತೆ ಹೆಜ್ಜೆಯ ಉದ್ದದಿಂದ ಗುಣಿಸಬೇಕು, ನಿಮಿಷಕ್ಕೆ 89.6 ಮೀಟರ್ ಬರುತ್ತದೆ, ಗಂಟೆಗೆ ಸುಮಾರು 5.4 ಕಿಲೋಮೀಟರ್. 112ಕ್ಕೆ ನಿಂತವರಿಗೂ ಪೂರ್ತಿ ಸೊನ್ನೆ ಕೊಡುವುದಿಲ್ಲ, ಅದು ನನಗೆ ಹಿಡಿಸಿತು.

ಓದಿನ ಭಾಗದಲ್ಲಿ ಗೋಡೆಬರಹದ ಬಗ್ಗೆ ಎರಡು ಪತ್ರಗಳಿವೆ. ಒಬ್ಬಳು ಶಾಲೆಯ ಗೋಡೆ ಹಾಳುಮಾಡುತ್ತಾರೆ ಅಂತ ಸಿಟ್ಟಾಗಿದ್ದಾಳೆ. ಇನ್ನೊಬ್ಬಳು, ಜಾಹೀರಾತು ಬೋರ್ಡ್ ಹಾಕುವಾಗ ಮಾತ್ರ ನಮ್ಮನ್ನು ಯಾರೂ ಕೇಳುವುದಿಲ್ಲವಲ್ಲ ಅನ್ನುತ್ತಾಳೆ. ಯಾರ ಮಾತು ಒಪ್ಪುತ್ತೀಯ ಅನ್ನುವುದು ಒಂದು ಪ್ರಶ್ನೆ. ನೀನು ಯಾರನ್ನೇ ಒಪ್ಪು, ಯಾವ ಪತ್ರ ಚೆನ್ನಾಗಿ ಬರೆದಿದೆ ಅನ್ನುವುದು ಇನ್ನೊಂದು. ನನಗೆ ಒಪ್ಪಿಗೆಯಿಲ್ಲದ ಮಾತನ್ನು ಒಬ್ಬರು ಚೆನ್ನಾಗಿ ಹೇಳಿರಬಹುದು ಅಂತ 15 ವರ್ಷದವರಿಗೆ ಕೇಳುವ ಪರೀಕ್ಷೆ ನಮ್ಮಲ್ಲಿ ಎಲ್ಲಿದೆ ಹೇಳಿ. ದೊಡ್ಡವರಿಗೇ ಕೇಳಬೇಕು ಇದನ್ನ.

ಇನ್ನು ಮಾರ್ಕ್ಸ್ ಕೊಡುವ ವಿವರ. ನನ್ನ ಲೆಕ್ಕದಲ್ಲಿ ಇಡೀ ಪಿಸಾದಲ್ಲಿ ಮೇಷ್ಟ್ರಿಗೆ ಜಾಸ್ತಿ ಉಪಯೋಗವಾಗುವುದು ಇದೇ. ಪೂರ್ತಿ ಮಾರ್ಕ್ಸ್, ಅರ್ಧ, ಸೊನ್ನೆ, ಪ್ರತಿಯೊಂದಕ್ಕೂ ಮಕ್ಕಳು ಬರೆಯುವಂಥ ಉತ್ತರಗಳೇ ಉದಾಹರಣೆಯಾಗಿ ಇವೆ. ದರೋಡೆಯ ಪ್ರಶ್ನೆಗೆ "ಇಲ್ಲ, ಸರಿಯಲ್ಲ" ಅಂತಷ್ಟೇ ಬರೆದರೆ ಏನೂ ಇಲ್ಲ. ಏರಿಕೆ ಎಷ್ಟು ಅಂತ ಮಾತ್ರ ಹೇಳಿ, ಒಟ್ಟು ಸಂಖ್ಯೆಗೆ ಹೋಲಿಸದಿದ್ದರೆ ಅರ್ಧ. ಗ್ರಾಫ್‌ನ ಸಣ್ಣ ತುಂಡನ್ನು ಮಾತ್ರ ತೋರಿಸಿದ್ದಾರೆ ಅಂತ ಹಿಡಿದರೆ ಪೂರ್ತಿ. ಎರಡೇ ವರ್ಷ ನೋಡಿ ಹೇಳಲಾಗದು, ಹಿಂದಿನ ವರ್ಷಗಳ ಲೆಕ್ಕವೂ ಬೇಕು ಅಂದವರಿಗೂ ಪೂರ್ತಿ. ಒಂದೇ ಕೀ ಆನ್ಸರ್ ಇಟ್ಟುಕೊಂಡು ಪೇಪರ್ ತಿದ್ದುವ ನಮಗೆ ಇದೇ ಒಂದು ತರಬೇತಿ.

ಕೊರತೆ ಇಲ್ಲ ಅಂತಲ್ಲ. ಬಿಟ್ಟಿರುವ ಪ್ರಶ್ನೆಗಳು ಕಡಿಮೆ. ವರ್ಷದಿಂದ ವರ್ಷಕ್ಕೆ ಹೋಲಿಸಲು ಹಳೆಯ ಪ್ರಶ್ನೆಗಳನ್ನೇ ಮತ್ತೆ ಬಳಸುತ್ತಾರೆ, ಹಾಗಾಗಿ ಹೆಚ್ಚಿನವು ಗುಟ್ಟಾಗಿಯೇ ಉಳಿಯುತ್ತವೆ. ಸರಿ, ಅದಕ್ಕೆ ಕಾರಣ ಇದೆ. ಆದರೆ ಹೆಸರು, ಊರು, ದುಡ್ಡು ಎಲ್ಲ ಹೊರಗಿನವು. ಕನ್ನಡ ಮೀಡಿಯಂ ಮಕ್ಕಳಿಗೆ ನಾವೇ ಕೂತು ಕನ್ನಡ ಮಾಡಬೇಕು. ಗಣಿತದವು ಬೇಗ ಆಗುತ್ತವೆ, ಓದಿನವು ಕಷ್ಟ, ಪತ್ರದ ಧಾಟಿಯೇ ಹೋಗಿಬಿಡುತ್ತದೆ. ಅರ್ಧ ಸ್ಟಾರ್ ಕಡಿಮೆ ಮಾಡಿದ್ದು ಇದಕ್ಕೇ.

ಈಗ ರ್‍ಯಾಂಕ್ ಪಟ್ಟಿಗೆ ಬರೋಣ. ಒಇಸಿಡಿ ವರದಿಯಲ್ಲೇ, ಒಂದು ದೇಶದ ನಿಜವಾದ ಸ್ಥಾನ ಇಷ್ಟರಿಂದ ಇಷ್ಟರ ನಡುವೆ ಇರಬಹುದು ಅಂತ ಬರೆದಿರುತ್ತಾರೆ. ಅದನ್ನು ಯಾವ ಪೇಪರೂ ಹಾಕುವುದಿಲ್ಲ. 2012ರಲ್ಲಿ ವಿಯೆಟ್ನಾಂ ಗಣಿತದಲ್ಲಿ 511 ಪಡೆದು (ಒಇಸಿಡಿ ದೇಶಗಳ ಸರಾಸರಿ 500 ಅಂತ ಶುರುವಿನಲ್ಲಿ ಇಟ್ಟ ಅಳತೆ ಇದು) ಎಲ್ಲರ ಹುಬ್ಬೇರಿಸಿತು. ಆದರೆ ಆ ಲೆಕ್ಕದೊಳಗೆ ಬಂದದ್ದು ಅಲ್ಲಿನ 15 ವರ್ಷದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ. ಉಳಿದವರಲ್ಲಿ ಹೆಚ್ಚಿನವರು ಶಾಲೆ ಬಿಟ್ಟವರು. ಇನ್ನು ಫಿನ್ಲೆಂಡ್. ಜಗತ್ತಿನ ಎಲ್ಲ ಶಿಕ್ಷಣ ಅಧಿಕಾರಿಗಳೂ ಅಲ್ಲಿಗೆ ಟೂರ್ ಹೋಗುತ್ತಿದ್ದ ಕಾಲ ಒಂದಿತ್ತು. 2006ರಲ್ಲಿ ಗಣಿತದಲ್ಲಿ 548 ಇತ್ತು, 2022ಕ್ಕೆ 484.

ಆದರೂ ಸೊನ್ನೆ ಸ್ಟಾರ್ ಯಾಕಲ್ಲ ಅಂದರೆ, ಜರ್ಮನಿ. 2001ರ ಕೊನೆಗೆ ಮೊದಲ ಫಲಿತಾಂಶ ಬಂದಾಗ ತಾವು ಸರಾಸರಿಗಿಂತ ಕೆಳಗೆ ಅಂತ ಗೊತ್ತಾಗಿ ಆ ದೇಶಕ್ಕೆ ಶಾಕ್ ಹೊಡೆಯಿತು. ರ್‍ಯಾಂಕ್‌ಗಿಂತ ಜಾಸ್ತಿ ಚುಚ್ಚಿದ್ದು ಇನ್ನೊಂದು ಅಂಶ: ಅಪ್ಪ ಅಮ್ಮನ ಸ್ಥಿತಿಗತಿ ಮಗುವಿನ ಅಂಕವನ್ನು ಅಲ್ಲಿ ನಿರ್ಧರಿಸಿದಷ್ಟು ಬೇರೆ ಕಡೆ ಅಪರೂಪವಾಗಿತ್ತು. ರಾಜ್ಯಗಳೆಲ್ಲ ಸೇರಿ ಒಂದೇ ಕಲಿಕಾ ಮಟ್ಟ ಗೊತ್ತುಮಾಡಿದವು. ಮಧ್ಯಾಹ್ನದ ನಂತರವೂ ನಡೆಯುವ ಶಾಲೆಗಳಿಗೆ ಕೇಂದ್ರ ಸರ್ಕಾರ 400 ಕೋಟಿ ಯೂರೋ ತೆಗೆದಿಟ್ಟಿತು. 2012ಕ್ಕೆ ಗಣಿತ 514ಕ್ಕೆ ಏರಿತು. 2022ರಲ್ಲಿ ಮತ್ತೆ 475ಕ್ಕೆ ಬಿತ್ತು, ಅದೂ ನಿಜ. ಮೂರು ವರ್ಷಕ್ಕೊಂದು ಪಟ್ಟಿ ಬಂದರೆ ಸರ್ಕಾರಗಳು ದೂರದ ಕೆಲಸ ಬಿಟ್ಟು ಬೇಗ ಕಾಣುವ ಏರಿಕೆಯ ಹಿಂದೆ ಬೀಳುತ್ತವೆ ಅಂತ 2014ರಲ್ಲಿ ಹಲವು ದೇಶಗಳ ಶಿಕ್ಷಣ ತಜ್ಞರು ಪಿಸಾದ ಮುಖ್ಯಸ್ಥ ಆಂಡ್ರಿಯಾಸ್ ಶ್ಲೈಕರ್ ಅವರಿಗೆ ಬಹಿರಂಗ ಪತ್ರ ಬರೆದಿದ್ದರು. 2025ರದ್ದು ಆದಮೇಲೆ ಇದು ನಾಲ್ಕು ವರ್ಷಕ್ಕೊಮ್ಮೆ. ಒಳ್ಳೆಯದೇ ಆಯಿತು.

ನಮ್ಮ ದೇಶದ ಕಥೆ ಚಿಕ್ಕದು. 2009ರ ಸುತ್ತಿನ ಭಾಗವಾಗಿ ತಮಿಳುನಾಡು, ಹಿಮಾಚಲ ಪ್ರದೇಶದ ಮಕ್ಕಳು ಬರೆದರು. ಗಣಿತದಲ್ಲಿ 351 ಮತ್ತು 338. ಕೆಳಗಿದ್ದದ್ದು ಕಿರ್ಗಿಸ್ತಾನ್ ಮಾತ್ರ. ಪ್ರಶ್ನೆಗಳು ನಮ್ಮ ಮಕ್ಕಳಿಗೆ ಹೊಂದುವುದಿಲ್ಲ ಅಂತ ಹೇಳಿ ಹೊರಗೆ ಬಂದೆವು. 2019ರಲ್ಲಿ ಮತ್ತೆ ಒಪ್ಪಂದ ಆಯಿತು, ಕೇಂದ್ರೀಯ ವಿದ್ಯಾಲಯ, ನವೋದಯ ಮತ್ತು ಚಂಡೀಗಢದ ಶಾಲೆಗಳು ಬರೆಯುತ್ತವೆ ಅಂತ. 2022ರಲ್ಲಿ ಬರೆಯಲಿಲ್ಲ. ಆದರೆ ಪ್ರಶ್ನೆಯ ರೀತಿ ಮಾತ್ರ ಹಿಂಬಾಗಿಲಿನಿಂದ ಒಳಗೆ ಬಂದಿದೆ. ಸಿಬಿಎಸ್‌ಇ 9, 10ನೇ ಕ್ಲಾಸಿನ ಪತ್ರಿಕೆಯಲ್ಲಿ ಅರ್ಧದಷ್ಟು ಸಾಮರ್ಥ್ಯ ಆಧಾರಿತ ಪ್ರಶ್ನೆ ಇರಬೇಕು ಅಂತ ಮಾಡಿದೆ. ಗೈಡ್ ಬರೆಯುವವರು ಅದಕ್ಕೂ ದಾರಿ ಕಂಡುಕೊಂಡರು: ಹಳೇ ಲೆಕ್ಕದ ಮೇಲೆ "ರಮೇಶ ಪಾರ್ಕಿಗೆ ಹೋದನು" ಅಂತ ನಾಲ್ಕು ಸಾಲು ಅಂಟಿಸಿದರೆ ಆಯಿತು. ಆ ನಾಲ್ಕು ಸಾಲು ಓದದೆಯೂ ಉತ್ತರ ಬರೆಯಬಹುದಾದರೆ ಅದು ಪಿಸಾ ಥರದ ಪ್ರಶ್ನೆ ಅಲ್ಲ, ಅಲ್ವಾ?

ಯಾರಿಗೆ ಇದು: 8ರಿಂದ 10ನೇ ಕ್ಲಾಸಿನ ಮೇಷ್ಟ್ರಿಗೆ, ಮಗುವಿನ ಪಕ್ಕ ಕೂತುಕೊಳ್ಳಲು ಸಮಯ ಇರುವ ಅಪ್ಪ ಅಮ್ಮನಿಗೆ. ದರೋಡೆಯಿಂದ ಶುರು ಮಾಡಿ. ಒಂದು ದಿನಕ್ಕೆ ಒಂದೇ ಪ್ರಶ್ನೆ ಸಾಕು, ಉತ್ತರ ಬರೆಸಿ, ಆಮೇಲೆ ಮಾರ್ಕ್ಸ್ ಕೊಡುವ ವಿವರವನ್ನು ಮಕ್ಕಳ ಕೈಗೇ ಕೊಟ್ಟು ಒಬ್ಬರದ್ದನ್ನು ಇನ್ನೊಬ್ಬರು ತಿದ್ದಲಿ. ಹತ್ತನೇ ಕ್ಲಾಸಿನವರಿಗೆ ಬೋರ್ಡ್ ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಇದನ್ನು ತೆಗೆಯಬೇಡಿ, ಮನೆಯವರಿಂದ ಫೋನ್ ಬರುತ್ತದೆ.