ಡಿಫ್ರಾಗ್ ಪರದೆಯ ಕೆಂಪು ಚೌಕಗಳ ತಂಟೆಗೆ ಹೋಗಬೇಡಿ

ಮನೆಯಲ್ಲಿ ಹಳೇ ವಿಂಡೋಸ್ 7 ಕಂಪ್ಯೂಟರ್ ಇಟ್ಟುಕೊಂಡವರು ಇದನ್ನು ಓದಿ. ಅದಕ್ಕೆ ಯಾರೋ ಒಂದು ಉಚಿತ ಡಿಫ್ರಾಗ್ ತಂತ್ರಾಂಶ (ಡಿಸ್ಕಿನಲ್ಲಿ ಚೂರುಚೂರಾಗಿ ಹರಡಿರುವ ಫೈಲುಗಳನ್ನು ಒಂದೆಡೆ ಜೋಡಿಸುವಂಥದ್ದು) ಹಾಕಿಕೊಟ್ಟಿದ್ದರಂತೂ ತಪ್ಪದೇ ಓದಿ. ಡಿಫ್ರಾಗ್ ಮುಗಿದ ಮೇಲೂ ಪರದೆಯಲ್ಲಿ ಒಂದಷ್ಟು ಕೆಂಪು ಚೌಕಗಳು, ಅಂದರೆ ಇನ್ನೂ ಚೂರಾಗಿಯೇ ಇರುವ ಫೈಲುಗಳ ಗುರುತು, ಹಾಗೇ ಉಳಿಯುತ್ತವೆ, ಅಲ್ವಾ? ಅದರಲ್ಲಿ ಹೆಚ್ಚಿನವು ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸುವ ಸಿಸ್ಟಂ ರಿಸ್ಟೋರ್‌ನ ಫೈಲುಗಳು. ಅವನ್ನು ಸರಿಮಾಡುತ್ತೇನೆ ಅಂತ ಯಾರಾದರೂ ಹೊರಟರೆ ಬೇಡ ಅನ್ನಿ.

ನಮ್ಮಣ್ಣನ ಮನೆಯಲ್ಲಿ ಇಂಥದ್ದೊಂದು ಡೆಸ್ಕ್‌ಟಾಪ್ ಇದೆ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತಿದೆ ಅಂತ ಅವನಿಗೂ ಗೊತ್ತು. ಆದರೆ ಅವನ ಸ್ಕ್ಯಾನರ್‌ಗೆ ಹೊಸ ವಿಂಡೋಸ್‌ನಲ್ಲಿ ಡ್ರೈವರ್ ಇಲ್ಲ. ತೋಟದ ಲೆಕ್ಕ, ಕೂಲಿ ಲೆಕ್ಕ ಎಲ್ಲ ಅದರಲ್ಲೇ. ಮಷೀನ್ ತುಂಬಾ ನಿಧಾನ ಆಯಿತು ಅಂತ ರಿಪೇರಿಯವರನ್ನು ಕರೆಸಿದ. ಬಂದವರು ಒಂದು ಡಿಫ್ರಾಗ್ ತಂತ್ರಾಂಶ ಹಾಕಿ, ಓಡಿಸಿ, ದಿನಾ ರಾತ್ರಿ ತಾನೇ ಓಡುವ ಹಾಗೆ ಇಟ್ಟು ಹೋದರು. ಮರುದಿನ ಅಣ್ಣ ನೋಡಿದರೆ ಕೆಂಪು ಪಟ್ಟಿ ಇನ್ನೂ ಇದೆ. ಅದರ ಮೇಲೆ ಕ್ಲಿಕ್ ಮಾಡಿದರೆ 'ಸಿಸ್ಟಂ ವಾಲ್ಯೂಮ್ ಇನ್ಫರ್ಮೇಶನ್' ಅನ್ನುವ ಫೋಲ್ಡರ್ ಹೆಸರು, ಒಳಗೆ ಹೂಬ್ರಾಕೆಟ್ಟಿನಲ್ಲಿ ಉದ್ದುದ್ದ ಅಂಕಿ ಅಕ್ಷರಗಳ ಫೈಲುಗಳು, ಒಂದೊಂದೂ ಜಿಬಿಗಟ್ಟಲೆ. ಫೋನ್ ಮಾಡಿ ಕೇಳಿದ್ದಕ್ಕೆ ಬಂದ ಉತ್ತರ: 'ದಿನಾ ಓಡಲಿ ಸಾರ್, ತಾನೇ ಕಮ್ಮಿ ಆಗುತ್ತೆ.'

ಕಮ್ಮಿ ಏನೋ ಆಯಿತು. ಹೇಗೆ ಅಂತ ಆಮೇಲೆ ಗೊತ್ತಾಯಿತು.

ಮಗಳು ಕೂಲಿ ಲೆಕ್ಕದ ಎಕ್ಸೆಲ್ ಫೈಲಿನ ಮೇಲೆ ಖಾಲಿ ಹಾಳೆ ಸೇವ್ ಮಾಡಿಬಿಟ್ಟಳು. ವಿಂಡೋಸ್ 7ರಲ್ಲಿ ಇದಕ್ಕೊಂದು ದಾರಿ ಇದೆ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋದರೆ 'ಪ್ರೀವಿಯಸ್ ವರ್ಷನ್ಸ್' ಅಂತ ಟ್ಯಾಬ್ ಸಿಗುತ್ತದೆ. ರಿಸ್ಟೋರ್ ಪಾಯಿಂಟ್ (ಒಂದು ದಿನದ ಸ್ಥಿತಿಯನ್ನು ಸಿಸ್ಟಂ ರಿಸ್ಟೋರ್ ಹಿಡಿದಿಟ್ಟದ್ದು) ಇದ್ದರೆ ಅದರಲ್ಲಿ ಹಳೇ ಪ್ರತಿ ಸಿಗುವ ಸಾಧ್ಯತೆ ಜಾಸ್ತಿ. ನಾನೇ ಹೋಗಿ ನೋಡಿದೆ. ಟ್ಯಾಬ್ ಖಾಲಿ. ಸಿಸ್ಟಂ ರಿಸ್ಟೋರ್ ತೆರೆದರೆ ಹಿಂದಿನ ದಿನದ ಒಂದೇ ಒಂದು ಪಾಯಿಂಟ್ ಇತ್ತು, ಅದೂ ಫೈಲು ಹಾಳಾದ ನಂತರದ್ದು. ತಿಂಗಳುಗಳ ಹಿಂದಿನವರೆಗೂ ಇದ್ದ ಪಾಯಿಂಟ್‌ಗಳೆಲ್ಲ ಎಲ್ಲಿ ಹೋದವು?

ಉತ್ತರ, ನಡೆದದ್ದನ್ನು ವಿಂಡೋಸ್ ಬರೆದಿಡುವ ಇವೆಂಟ್ ವ್ಯೂವರ್‌ನಲ್ಲಿತ್ತು. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಂ. ವಾಲ್‌ಸ್ನ್ಯಾಪ್ ಅನ್ನುವ ಹೆಸರಿನಲ್ಲಿ 33ನೇ ನಂಬರಿನ ಸಾಲುಗಳು, ಒಂದರ ಕೆಳಗೆ ಒಂದು. ಸಿ ಡ್ರೈವಿನ ಅತಿ ಹಳೆಯ ಶಾಡೋ ಕಾಪಿಯನ್ನು (ಡ್ರೈವಿನ ಹಳೇ ಸ್ಥಿತಿಯ ಪ್ರತಿ, ರಿಸ್ಟೋರ್ ಪಾಯಿಂಟ್ ಒಳಗಿರುವುದು ಇದೇ) ಜಾಗದ ಮಿತಿ ಮೀರದಿರಲಿ ಅಂತ ಅಳಿಸಲಾಗಿದೆ, ಇಷ್ಟೇ ಒಕ್ಕಣೆ. ಗಂಟೆ ನೋಡಿದರೆ ಎಲ್ಲವೂ ನಡುರಾತ್ರಿಯವು, ಆ ತಂತ್ರಾಂಶ ಓಡುವ ಹೊತ್ತಿನವು. ಇನ್ನೊಂದು ತಮಾಷೆ ಎಂದರೆ ಈ ಸಾಲುಗಳಿಗೆ ಎರರ್ ಗುರುತೂ ಇಲ್ಲ, ವಾರ್ನಿಂಗ್ ಗುರುತೂ ಇಲ್ಲ, ಬರೀ 'ಇನ್ಫರ್ಮೇಶನ್'. ಹಾಗಾಗಿ ಪರದೆಯ ಮೇಲೆ ಏನೂ ಬರುವುದಿಲ್ಲ, ಸದ್ದಿಲ್ಲದೆ ಹೋಗುತ್ತದೆ.

ಯಾಕೆ ಹೀಗಾಗುತ್ತದೆ? ವಿಸ್ಟಾದಿಂದ ಈಚೆಗೆ ಸಿಸ್ಟಂ ರಿಸ್ಟೋರ್ ಕೆಲಸ ಮಾಡುವುದು ಶಾಡೋ ಕಾಪಿ ಸೇವೆಯ ಮೇಲೆ. ಅದು ಡಿಸ್ಕನ್ನು 16 ಕೆಬಿ ತುಂಡುಗಳಾಗಿ ನೋಡುತ್ತದೆ. ರಿಸ್ಟೋರ್ ಪಾಯಿಂಟ್ ಮಾಡಿದ ಮೇಲೆ ಯಾವ ತುಂಡಿನ ಮೇಲೆ ಮೊದಲ ಸಲ ಬರೆದರೂ ಅದರಲ್ಲಿದ್ದ ಹಳೇ ವಿಷಯವನ್ನು ಎತ್ತಿ ತನ್ನ ಜಾಗದಲ್ಲಿ ಇಟ್ಟುಕೊಳ್ಳುತ್ತದೆ. ಡಿಫ್ರಾಗ್ ಮಾಡುವುದೇನು? ಫೈಲುಗಳನ್ನು ಅಲ್ಲಿಂದ ಇಲ್ಲಿಗೆ ಸರಿಸುವುದು. ಮನೆಯ ಡಿಸ್ಕುಗಳಲ್ಲಿ ಕ್ಲಸ್ಟರ್ (ಫೈಲುಗಳಿಗೆ ಡಿಸ್ಕಿನ ಜಾಗ ಹಂಚುವ ಅತಿ ಚಿಕ್ಕ ಅಳತೆ) ಗಾತ್ರ ಸಾಮಾನ್ಯವಾಗಿ 4 ಕೆಬಿ. 16ಕ್ಕಿಂತ ಚಿಕ್ಕದಾದಾಗ ಸುಮ್ನೆ ಸರಿಸಿದ್ದು ಯಾವುದು, ನಿಜವಾಗಿ ಬದಲಾದದ್ದು ಯಾವುದು ಅಂತ ಶಾಡೋ ಕಾಪಿಗೆ ಗೊತ್ತಾಗದೇ ಹೋಗಬಹುದು. ಬದಲಾಗಿದೆ ಅಂದುಕೊಂಡು ಹಳೆಯದನ್ನೂ ತುಂಬಿಕೊಳ್ಳುತ್ತಾ ಹೋಗುತ್ತದೆ. ಕೊಟ್ಟ ಜಾಗ ತುಂಬಿದ ಕೂಡಲೇ ಅತಿ ಹಳೆಯ ಪಾಯಿಂಟ್ ಹೊರಗೆ. ದಿನಾ ರಾತ್ರಿ ಇದೇ ನಡೆದರೆ ಇನ್ನೇನು ಉಳಿದೀತು?

ವಿಂಡೋಸ್‌ನ ಸ್ವಂತ ಡಿಫ್ರಾಗ್ ಈ ವಿಷಯದಲ್ಲಿ ಜಾಣ. ಆದಷ್ಟು 16 ಕೆಬಿ ಲೆಕ್ಕದಲ್ಲೇ ಸರಿಸಲು ನೋಡುತ್ತದೆ. ಹೊರಗಿನ ಕೆಲವು ತಂತ್ರಾಂಶಗಳಲ್ಲೂ ಶಾಡೋ ಕಾಪಿಗೆ ಹೊಂದುವ ಮೋಡ್ ಇದೆ, ಅಣ್ಣನ ಮಷೀನಿನಲ್ಲಿ ಕೂತಿದ್ದರಲ್ಲಿ ಇರಲಿಲ್ಲ. ಕ್ಲಸ್ಟರ್ ಗಾತ್ರವನ್ನೇ 16 ಕೆಬಿ ಮಾಡಿ ಅನ್ನುವವರೂ ಇದ್ದಾರೆ. ಅದಕ್ಕೆ ಡ್ರೈವನ್ನೇ ಫಾರ್ಮ್ಯಾಟ್ ಮಾಡಬೇಕು, ಮನೆ ಕಂಪ್ಯೂಟರಿಗೆ ಅಷ್ಟೆಲ್ಲ ಬೇಡ.

ಅಷ್ಟಕ್ಕೂ ಆ ಕೆಂಪು ಚೌಕಗಳಿಂದ ಕಂಪ್ಯೂಟರ್ ನಿಧಾನ ಆಗುವುದಿಲ್ಲ. ಅವು ಅಟ್ಟದ ಮೇಲಿನ ಪಾತ್ರೆ ಇದ್ದ ಹಾಗೆ, ಬೇಕಾದ ದಿನ ಮಾತ್ರ ಕೆಳಗಿಳಿಸುತ್ತೇವೆ. ಒಂದೇ ಸಾಲಿನಲ್ಲಿ ಜೋಡಿಸಿಟ್ಟರೆ ದಿನದ ಕೆಲಸಕ್ಕೆ ಏನೂ ಲಾಭ ಇಲ್ಲ.

ಇನ್ನೂ ಅಪಾಯದ ಸಲಹೆಯೊಂದು ಅದೇ ರಿಪೇರಿಯವರಿಂದ ಬಂತು: 'ಸಿಸ್ಟಂ ಪ್ರೊಟೆಕ್ಷನ್ ಆಫ್ ಮಾಡಿ, ಡಿಫ್ರಾಗ್ ಓಡಿಸಿ, ಮತ್ತೆ ಆನ್ ಮಾಡಿ.' ಸಿಸ್ಟಂ ರಿಸ್ಟೋರನ್ನು ಆನ್, ಆಫ್ ಮಾಡುವುದು ಈ ಸಿಸ್ಟಂ ಪ್ರೊಟೆಕ್ಷನ್‌ನಲ್ಲೇ. ಆಫ್ ಮಾಡಿದ ಕ್ಷಣಕ್ಕೇ ಆ ಡ್ರೈವಿನ ಎಲ್ಲ ಪಾಯಿಂಟ್‌ಗಳೂ ಅಳಿಸಿಹೋಗುತ್ತವೆ. ಆನ್ ಮಾಡಿದರೆ ವಾಪಸ್ ಬರುವುದಿಲ್ಲ. ಎಕ್ಸ್‌ಪಿ ಕಾಲದಿಂದಲೂ ಈ ಸಲಹೆ ಓಡಾಡುತ್ತಿದೆ. ಜಾಗ ಬೇಕೇ ಬೇಕು ಅಂದರೆ ಡಿಸ್ಕ್ ಕ್ಲೀನಪ್‌ನ 'ಮೋರ್ ಆಪ್ಷನ್ಸ್'ಗೆ ಹೋಗಿ, ತೀರಾ ಈಚಿನ ಪಾಯಿಂಟ್ ಉಳಿಸಿಕೊಂಡು ಮಿಕ್ಕಿದ್ದು ತೆಗೆಯಬಹುದು. ಅದನ್ನೂ ಎಲ್ಲ ಸರಿಯಾಗಿ ನಡೆಯುತ್ತಿರುವ ದಿನವೇ ಮಾಡಿ.

ನಿಮ್ಮ ಮಷೀನಿನಲ್ಲಿ ಏನಾಗಿದೆ ಅಂತ ನೋಡಬೇಕಾ? ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು 'ವಿಎಸ್‌ಎಸ್‌ಅಡ್ಮಿನ್ ಲಿಸ್ಟ್ ಶಾಡೋಸ್ಟೋರೇಜ್' (vssadmin list shadowstorage) ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಎಷ್ಟು ಜಾಗ ಬಳಕೆಯಾಗಿದೆ, ಮಿತಿ ಎಷ್ಟು, ಎರಡೂ ಕಾಣುತ್ತವೆ. ಎರಡೂ ಹತ್ತಿರ ಹತ್ತಿರ ಇದ್ದರೆ ಸಿಸ್ಟಂ ಪ್ರೊಟೆಕ್ಷನ್‌ನಲ್ಲಿ ಕಾನ್ಫಿಗರ್ ಒತ್ತಿ ಮಿತಿ ಸ್ವಲ್ಪ ಜಾಸ್ತಿ ಮಾಡಿ. ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ಡಿಸ್ಕ್) ಇದ್ದವರು ಹೊರಗಿನ ಡಿಫ್ರಾಗ್ ತಂತ್ರಾಂಶವನ್ನು ಹಾಕಲೇಬೇಡಿ. ವಿಂಡೋಸ್ 10ರಲ್ಲಿ ಎಷ್ಟೋ ಕಡೆ ಸಿಸ್ಟಂ ಪ್ರೊಟೆಕ್ಷನ್ ಮೊದಲಿಂದಲೇ ಆಫ್ ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಕೂಲಿ ಲೆಕ್ಕವನ್ನು ಅತ್ತಿಗೆ ಚೀಟಿಗಳನ್ನೆಲ್ಲ ಹರವಿಕೊಂಡು ಮತ್ತೆ ಟೈಪ್ ಮಾಡಿದರು. ಈಗ ಅದರ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲೂ ಇದೆ. ಆ ತಂತ್ರಾಂಶವನ್ನು ನಾನೇ ತೆಗೆದುಹಾಕಿದೆ. ಆದರೆ ಅನ್‌ಇನ್‌ಸ್ಟಾಲ್ ಆದ ಮೇಲೂ ಟಾಸ್ಕ್ ಷೆಡ್ಯೂಲರ್‌ನಲ್ಲಿ ಅದರ ರಾತ್ರಿಯ ಕೆಲಸ ಹಾಗೇ ಉಳಿದಿತ್ತು, ವಿಂಡೋಸ್‌ನ ಸ್ವಂತ ಡಿಫ್ರಾಗ್ ವೇಳಾಪಟ್ಟಿಯನ್ನೂ ಅದು ಆಫ್ ಮಾಡಿಟ್ಟಿತ್ತು. ನೀವು ತೆಗೆದರೆ ಈ ಎರಡನ್ನೂ ನೋಡಿ. ವಿಂಡೋಸ್ 7ರಲ್ಲಿ ಮೊದಲಿದ್ದ ವೇಳೆ ವಾರಕ್ಕೊಮ್ಮೆ, ಬುಧವಾರ ನಸುಕಿನ 1 ಗಂಟೆ. ಅಷ್ಟು ಸಾಕು.