ಡಂಜನ್‌ಗೆ ಹೋದೆವು, ಭಾಗವತರೇ ಇರಲಿಲ್ಲ (ಐದರಲ್ಲಿ ಎರಡು ಸ್ಟಾರ್)

ಮೊದಲೇ ಹೇಳಿಬಿಡುತ್ತೇನೆ, ಈ ಆಟಕ್ಕೆ ಮೂರು ತಿಂಗಳ ಚಂದಾ ಕಟ್ಟಿದ್ದು ನಾವೇ, ಯಾರೂ ಕುತ್ತಿಗೆ ಹಿಡಿದು ಕಟ್ಟಿಸಿದ್ದಲ್ಲ. ಐದು ಜನ ಕಟ್ಟಿದೆವು, ಐದೂ ಜನಕ್ಕೆ ಬೇಸರವಾಯಿತು. ಆಟದ ಹೆಸರು ಬರೆಯುವುದಿಲ್ಲ. ಮೇಜಿನ ಸುತ್ತ ಕೂತು ಆಡುವ ರೋಲ್ ಪ್ಲೇಯಿಂಗ್ ಆಟವನ್ನು ಆನ್‌ಲೈನಿಗೆ ತಂದವುಗಳಲ್ಲಿ ಇದೇ ಅಚ್ಚಿನವು ಬೇಕಾದಷ್ಟು ಉಂಟು. ಇದನ್ನು ಬೈದರೆ ಅವಕ್ಕೂ ಸೇರಿಸಿ ಬೈದ ಹಾಗೆ.

ನಾವು ಆಡುತ್ತಿದ್ದದ್ದು ಕಾಸರಗೋಡಿನ ಪೆರ್ಲದ ಹತ್ತಿರ ಭಾವನ ಮನೆಯ ಚಾವಡಿಯಲ್ಲಿ. ನಾಲ್ಕು ವರ್ಷ, ಭಾನುವಾರ ರಾತ್ರಿ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಗೊತ್ತಿಲ್ಲದವರಿಗೆ ಎರಡು ಮಾತು: ಇದು 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ. ಒಬ್ಬರು ಕಥೆ ನಡೆಸುತ್ತಾರೆ, ಅವರನ್ನು ಡಂಜನ್ ಮಾಸ್ಟರ್ ಅನ್ನುತ್ತಾರೆ; ಡಂಜನ್ ಅಂದರೆ ರಾಕ್ಷಸರು, ನಿಧಿ ಎಲ್ಲ ಇರುವ ನೆಲಮಾಳಿಗೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ನೀವು ಏನು ಮಾಡುತ್ತೀರಿ ಅಂತ ಬಾಯಲ್ಲಿ ಹೇಳುತ್ತೀರಿ, ಆಗುತ್ತದೋ ಇಲ್ಲವೋ ಅಂತ ಅನುಮಾನ ಇದ್ದಲ್ಲಿ 20 ಮುಖದ ದಾಳ ಹಾಕುತ್ತೀರಿ. ಅಷ್ಟೇ. ಕಲಿಯಲಿಕ್ಕೆ ಬೇಕಾದಷ್ಟು ರೂಲ್ಸ್ ಪುಕ್ಕಟೆ ಸಿಗುತ್ತದೆ, ನಾವು ಝೆರಾಕ್ಸ್ ಮಾಡಿಸಿ ಬೈಂಡ್ ಹಾಕಿಸಿದ್ದೆವು. ಈಗ ಅದರ ಅರ್ಧ ಪುಟಗಳಲ್ಲಿ ಹಲಸಿನ ಹಪ್ಪಳದ ಎಣ್ಣೆ.

ನಮ್ಮ ಊರಿನವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವೇ ಅಲ್ಲ. ತಾಳಮದ್ದಳೆ ಗೊತ್ತುಂಟಲ್ಲ? ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ ಹೇಳುತ್ತಾರೆ, ಕೂತವರು ಅರ್ಥ ಹೇಳುತ್ತಾರೆ, ಆ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಅದಕ್ಕೇ ನಮ್ಮ ಗುಂಪಿನಲ್ಲಿ ಡಂಜನ್ ಮಾಸ್ಟರ್‌ಗೆ ಮೊದಲ ದಿನದಿಂದ ಭಾಗವತರು ಅಂತಲೇ ಹೆಸರು. ಭಾವನಿಗೆ ಒಂದು ಪದವನ್ನೂ ರಾಗವಾಗಿ ಹೇಳಲಿಕ್ಕೆ ಬರುವುದಿಲ್ಲ, ಅದು ಬೇರೆ ವಿಷಯ.

ಕಳೆದ ವರ್ಷ ಚಿಕ್ಕಪ್ಪನ ಮಗಳಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು, ಉಪ್ಪಳದ ಗೆಳೆಯ ದುಬೈಗೆ ಹೋದ. ಚಾವಡಿಯಲ್ಲಿ ಉಳಿದದ್ದು ಭಾವ, ನಾನು, ನಿವೃತ್ತರಾದ ಮೇಷ್ಟ್ರು. ಆಗ ಕಣ್ಣಿಗೆ ಬಿದ್ದದ್ದು ಈ ಆಟದ ಜಾಹೀರಾತು. ಅದೇ ರೂಲ್ಸ್, ಅದೇ ರಾಕ್ಷಸರು, ಲೋಕದ ಯಾವ ಮೂಲೆಯಿಂದಲೂ ಒಟ್ಟಿಗೆ ಆಡಿ ಅಂತ. ಬಿದ್ದೆವು.

ಪಾತ್ರ ಮಾಡುವ ಭಾಗ ಚೆನ್ನಾಗಿದೆ, ಸುಳ್ಳು ಹೇಳಬಾರದು. ಮೇಷ್ಟ್ರು ತಮ್ಮ ಕುಳ್ಳ ಪಾತ್ರದ ಗಡ್ಡಕ್ಕೆ ಜಡೆ ಹಾಕಲಿಕ್ಕೇ ಮುಕ್ಕಾಲು ಗಂಟೆ ತೆಗೆದುಕೊಂಡರು. ಸಂಗೀತವೂ ಒಳ್ಳೆಯದುಂಟು. ಆಮೇಲೆ ಕೆಳಗೆ ಇಳಿದೆವು.

ಮೊದಲ ನೆಲಮಾಳಿಗೆಯಲ್ಲೇ ಒಂದು ಮರದ ಬಾಗಿಲು. ಬೀಗ ಹಾಕಿದೆ. ನನ್ನ ಕೈಯಲ್ಲಿ ಕೊಡಲಿ ಉಂಟು, ತಂಗಿಯ ಹತ್ತಿರ ಬೆಂಕಿಯ ಮಂತ್ರ ಉಂಟು, ಪಕ್ಕದಲ್ಲೇ ಎಣ್ಣೆಯ ಭರಣಿಗಳ ಸಾಲು. ಬಾಗಿಲು ಒತ್ತಿದರೆ ‘ಕೀಲಿ ಬೇಕು’ ಅಂತ ಬರುತ್ತದೆ. ಕೊಡಲಿಯಿಂದ ಹೊಡೆದೆ, ಕೊಡಲಿ ಬಾಗಿಲಿನ ಒಳಗೆ ತೂರಿ ಆಚೆ ಬಂತು, ಗೀರೂ ಬೀಳಲಿಲ್ಲ. ಭರಣಿ ಮುಟ್ಟಿದರೆ ಏನೂ ಇಲ್ಲ, ಅದು ಗೋಡೆಯ ಮೇಲಿನ ಚಿತ್ರದ ಹಾಗೆ ಸುಮ್ನೆ ಕೂತಿದೆ. ದುಬೈಯಿಂದ ಹೆಡ್‌ಫೋನಿನಲ್ಲಿ ಗೆಳೆಯ ಕೇಳಿದ, ‘ಭಾವ, ಎಣ್ಣೆ ಸುರಿದು ಬೆಂಕಿ ಕೊಟ್ಟರೆ ಆಗುದಿಲ್ವಾ?’ ಭಾವ ಏನು ಹೇಳಬೇಕು? ಅವರೂ ನಮ್ಮ ಹಾಗೆ ಒಬ್ಬ ಆಟಗಾರ ಅಲ್ಲಿ. ಕತ್ತಿ ಹಿಡಿದು ನಿಂತಿದ್ದಾರೆ ಪಾಪ.

ಚಾವಡಿಯಲ್ಲಾದರೆ ಏನಾಗುತ್ತಿತ್ತು ಅಂತ ನಮಗೆಲ್ಲ ಗೊತ್ತು. ‘ಎಷ್ಟು ಭರಣಿ ಸುರಿಯುತ್ತೀ?’ ಅಂತ ಭಾವ ಕೇಳುತ್ತಿದ್ದರು. ಹೊಗೆ ಎಲ್ಲಿಗೆ ಹೋಗುತ್ತದೆ ಅಂತ ಕೇಳುತ್ತಿದ್ದರು. ಹಾಕು ದಾಳ, 15ರ ಮೇಲೆ ಬಂದರೆ ಬಾಗಿಲು ಹೋಯಿತು, ಕಮ್ಮಿ ಬಂದರೆ ನಿನ್ನ ಹುಬ್ಬು ಹೋಯಿತು. ಆ ರಾತ್ರಿಯ ಉಳಿದ ಎರಡು ಗಂಟೆ ಆ ಹೊಗೆಯದ್ದೇ ಕಥೆ.

ಇಲ್ಲಿ ಒಂದು ಮಾತು. ಆನ್‌ಲೈನ್ ಆಟದಲ್ಲಿ ಕಥೆ ಮೊದಲೇ ಬರೆದಿಟ್ಟಿದ್ದಾರೆ, ಅದೇ ತೊಂದರೆ ಅಂತ ಜಾಸ್ತಿ ಜನ ಹೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ವಾಲಿವಧೆ ಪ್ರಸಂಗದಲ್ಲಿ ವಾಲಿ ಸಾಯಲೇಬೇಕು, ಕೂತ ಮಕ್ಕಳಿಗೂ ಅದು ಗೊತ್ತು. ಆದರೆ ಮರದ ಮರೆಯಲ್ಲಿ ನಿಂತು ಯಾಕೆ ಬಾಣ ಬಿಟ್ಟೆ ಅಂತ ರಾಮನನ್ನು ಎಷ್ಟು ಹೊತ್ತು ನಿಲ್ಲಿಸಿ ಕೇಳಬೇಕು ಅನ್ನುವುದು ವಾಲಿಯ ಅರ್ಥ ಹೇಳುವವರಿಗೆ ಬಿಟ್ಟದ್ದು, ಮತ್ತು ರಾಮ ಅದಕ್ಕೆ ಉತ್ತರ ಕೊಡಲೇಬೇಕು. ಬರೆದ ಕಥೆ ಇರಲಿ ಮಾರಾಯ್ರೆ, ನನ್ನ ಮಾತಿಗೆ ಒಂದು ಉತ್ತರ ಬೇಡವಾ?

ಇನ್ನು ದಾಳ. ರೂಲ್ಸ್ ಪ್ರಕಾರ ಯುದ್ಧದ ಒಂದು ಸುತ್ತು ಅಂದರೆ ಆರು ಸೆಕೆಂಡು. ಚಾವಡಿಯಲ್ಲಿ ಆ ಆರು ಸೆಕೆಂಡಿಗೆ ನಾವು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಿದ್ದೆವು, ಜಗಳ, ಲೆಕ್ಕ, ಚಾಯ ಎಲ್ಲ ಸೇರಿ. ಈ ಆಟದಲ್ಲಿ ಆರು ಸೆಕೆಂಡು ಅಂದರೆ ಆರೇ ಸೆಕೆಂಡು. ದಾಳ ಒಳಗೆಲ್ಲೋ ಉರುಳುತ್ತದೆ, ನಿಮಗೆ ಕಾಣುವುದು ರಾಕ್ಷಸನ ತಲೆಯ ಮೇಲೆ ಹಾರುವ ಅಂಕಿ ಮಾತ್ರ. 20 ಬೀಳುವುದು ನೂರಕ್ಕೆ ಐದು ಸಲ. ನಮ್ಮಲ್ಲಿ ಒಮ್ಮೆ ಎಲ್ಲರೂ ಸಾಯುವ ಹಂತದಲ್ಲಿದ್ದಾಗ ಮೇಷ್ಟ್ರು ಹಾಕಿದ ದಾಳ ಉರುಳಿ ಉಯ್ಯಾಲೆಯ ಕೆಳಗೆ ಹೋಯಿತು, ಬಿದ್ದಲ್ಲಿ ಬಿದ್ದದ್ದೇ ಲೆಕ್ಕ ಅಂತ ನಮ್ಮ ಮನೆ ರೂಲು, ಐದೂ ಜನ ಟಾರ್ಚ್ ಹಿಡಿದು ಹೊಟ್ಟೆಯ ಮೇಲೆ ಮಲಗಿ ನೋಡಿದರೆ 20. ಅತ್ತೆ ಕಳ್ಳ ಬಂದ ಅಂತ ಎದ್ದು ಬಂದಿದ್ದರು. ಆನ್‌ಲೈನಿನಲ್ಲಿ ಮೂರು ತಿಂಗಳಲ್ಲಿ ನನಗೆ ಎಷ್ಟು 20 ಬಿದ್ದಿರಬಹುದು? ಸಾವಿರ? ಒಂದೂ ನೆನಪಿಲ್ಲ.

ಮಂತ್ರದ್ದೂ ಹಾಗೇ. ಐದನೇ ಆವೃತ್ತಿಯ ರೂಲ್ಸ್‌ನಲ್ಲಿ ಹೊಸ ಮಂತ್ರವಾದಿಗೆ ಮೊದಲ ಹಂತದ ಮಂತ್ರ ಹಾಕಲಿಕ್ಕೆ ಎರಡೇ ಅವಕಾಶ, ಆಮೇಲೆ ವಿಶ್ರಾಂತಿ ಬೇಕು. ಅದಕ್ಕೇ ತಂಗಿ ಆ ಎರಡನ್ನು ಜಿಪುಣರ ಹಾಗೆ ಕಾಪಾಡುತ್ತಿದ್ದಳು. ಇಲ್ಲಿ ನೀಲಿ ಪಟ್ಟಿ ಒಂದುಂಟು, ಖಾಲಿ ಆದರೆ ಸ್ವಲ್ಪ ಹೊತ್ತಲ್ಲಿ ತುಂಬುತ್ತದೆ, ಅಷ್ಟು ತಾಳ್ಮೆ ಇಲ್ಲದವರಿಗೆ ದುಡ್ಡು ಕೊಟ್ಟು ತುಂಬಿಸುವ ಅಂಗಡಿಯೂ ಉಂಟು.

ನನಗೆ ಅತಿ ಸಿಟ್ಟು ಬಂದದ್ದು ಡಕಾಯಿತರ ನಾಯಕನ ವಿಷಯದಲ್ಲಿ. ಅವನ ಗುಹೆಯ ಬಾಗಿಲಿಗೆ ಹೋದರೆ ಅಲ್ಲಿ ಇನ್ನೂ ಮೂರು ತಂಡ ಕಾಯುತ್ತಾ ನಿಂತಿದೆ, ರೇಷನ್ ಅಂಗಡಿಯ ಕ್ಯೂ ಹಾಗೆ. ಅವರು ಕೊಂದರು, ಹತ್ತು ನಿಮಿಷಕ್ಕೆ ಅವನು ಮತ್ತೆ ಎದ್ದ, ನಾವು ಕೊಂದೆವು, ಮತ್ತೆ ಎದ್ದ. ಯಾಕೆ ಹೀಗೆ ಮಾಡುತ್ತಾರೆ ಅಂತ ಅರ್ಥ ಆಗುತ್ತದೆ. ಸಾವಿರಾರು ಜನ ಒಂದೇ ಊರಲ್ಲಿ ಆಡುವಾಗ ನಾನು ಛತ್ರ ಸುಟ್ಟರೆ ನಾಳೆ ಬಂದವನಿಗೆ ಮಲಗಲಿಕ್ಕೆ ಛತ್ರ ಬೇಕಲ್ಲ. ಆದ್ದರಿಂದ ಯಾರೂ ಏನು ಮಾಡಿದರೂ ಏನೂ ಬದಲಾಗಬಾರದು. ನಮ್ಮ ಚಾವಡಿಯಲ್ಲಿ ಅಂಥದೇ ಒಬ್ಬ ಡಕಾಯಿತನನ್ನು ಮೇಷ್ಟ್ರು ಬೈದು ಬುದ್ಧಿ ಹೇಳಿ ಬಿಟ್ಟುಬಿಟ್ಟಿದ್ದರು. ಎಂಟು ತಿಂಗಳ ನಂತರ ಮಳೆಗಾಲದ ಹೊಳೆಯ ದಡಕ್ಕೆ ನಮ್ಮ ತಂಡ ಬಂದರೆ ಕಡವಿನಲ್ಲಿ ದೋಣಿ ಹಿಡಿದು ನಿಂತವನು ಅವನೇ. ಮೇಷ್ಟ್ರ ಹತ್ತಿರ ಮಾತ್ರ ದುಡ್ಡು ತೆಗೆದುಕೊಳ್ಳಲಿಲ್ಲ.

ಗೊತ್ತಿಲ್ಲದ ಜನರೊಟ್ಟಿಗೆ ಆಡಿದರಂತೂ ಕೇಳಲೇಬೇಡಿ. ಅವರು ಆ ಡಂಜನ್‌ಗೆ ಮೂವತ್ತು ಸಲ ಹೋಗಿ ಬಂದವರು, ಮೂರನೇ ತಿರುವಿನಲ್ಲಿ ಹಾರು, ಮಾತಾಡಬೇಡ, ಓಡು ಅಂತ ಟೈಪ್ ಮಾಡುತ್ತಾರೆ. ಬಲೆ ಎಲ್ಲಿದೆ ಅಂತ ಎಲ್ಲರಿಗೂ ಬಾಯಿಪಾಠ ಆದ ಮೇಲೆ ಬಲೆ ಹುಡುಕುವ ಕಳ್ಳನ ಪಾತ್ರಕ್ಕೆ ಏನು ಕೆಲಸ? ನನ್ನ ಗೆಳೆಯನದ್ದು ಆ ಪಾತ್ರ. ಎರಡನೇ ವಾರಕ್ಕೇ ಬಿಟ್ಟ.

ಭಾಷೆ ಇನ್ನೊಂದು. ಏಳು ಭಾಷೆಯ ಊರು ನಮ್ಮದು, ಕಥೆಯಲ್ಲೂ ಅದು ಬರುತ್ತಿತ್ತು. ಛತ್ರದವನು ಮಲಯಾಳ, ಸತ್ತ ರಾಜನ ಪ್ರೇತ ತುಳು. ಸಾವಿರ ವರ್ಷದ ಡ್ರ್ಯಾಗನ್ ಒಂದು ಚಿನ್ನದ ರಾಶಿಯ ಮೇಲೆ ಮಲಗಿದಲ್ಲಿಂದಲೇ ಹವ್ಯಕದಲ್ಲಿ ‘ಆಸರಿಂಗೆ ಎಂತ ಬೇಕು?’ (ಕುಡಿಯಲಿಕ್ಕೆ ಏನು ಬೇಕು?) ಅಂತ ಕೇಳಿದಾಗ ನಮಗೆ ಕತ್ತಿ ಎತ್ತಲಿಕ್ಕೇ ಆಗಲಿಲ್ಲ. ಆನ್‌ಲೈನಿನ ಡ್ರ್ಯಾಗನ್ ಇಂಗ್ಲಿಷಿನಲ್ಲಿ ಗುಡುಗುತ್ತದೆ. ಮೂರು ವಾಕ್ಯ. ಪ್ರತಿಸಲ ಅದೇ ಮೂರು.

ಎಲ್ಲ ಆಟಗಳೂ ಹೀಗೇ ಅಂತ ಹೇಳಿದರೆ ಅನ್ಯಾಯ. 2002ರ ನೆವರ್‌ವಿಂಟರ್ ನೈಟ್ಸ್‌ನಲ್ಲಿ ಡಂಜನ್ ಮಾಸ್ಟರ್ ಆಗಿ ಒಬ್ಬ ಮನುಷ್ಯನೇ ಕೂರಬಹುದಿತ್ತು, ರಾಕ್ಷಸರ ಬಾಯಲ್ಲಿ ಅವನೇ ಮಾತಾಡಬಹುದಿತ್ತು. 2023ರ ಬಾಲ್ಡರ್ಸ್ ಗೇಟ್ 3ರಲ್ಲಿ ಮಾತುಕತೆಯ ನಡುವೆ 20 ಮುಖದ ದಾಳವನ್ನು ತೆರೆಯ ಮೇಲೇ ಉರುಳಿಸುತ್ತಾರೆ, ಯುದ್ಧವೂ ಸರದಿಯ ಪ್ರಕಾರವೇ. 2006ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆನ್‌ಲೈನ್‌ನ ಒಂದು ಭಾಗಕ್ಕಂತೂ ಸಾಕ್ಷಾತ್ ಗೈಗಾಕ್ಸ್ ಅವರೇ ಧ್ವನಿ ಕೊಟ್ಟಿದ್ದಾರೆ, ಇನ್ನೊಂದಕ್ಕೆ ಆರ್ನೆಸನ್. ಗೈಗಾಕ್ಸ್ 2008ರಲ್ಲಿ ತೀರಿಹೋದರು. ಆಟ ಹುಟ್ಟಿಸಿದವರೇ ನಿಮಗೆ ಡಂಜನ್ ತೋರಿಸುತ್ತಾರೆ, ಕೇಳಲಿಕ್ಕೆ ಮೈ ಜುಮ್ಮೆನ್ನುತ್ತದೆ. ಆದರೆ ಅದು ರೆಕಾರ್ಡಿಂಗ್. ‘ಎಣ್ಣೆ ಸುರಿದರೆ ಆಗುದಿಲ್ವಾ?’ ಅಂತ ಅವರ ಹತ್ತಿರವೂ ಕೇಳುವ ಹಾಗಿಲ್ಲ.

ಎರಡು ಸ್ಟಾರ್ ಯಾಕೆ ಕೊಟ್ಟೆ ಅಂದರೆ, ಒಂದು ಗಡ್ಡಕ್ಕೆ, ಒಂದು ಸಂಗೀತಕ್ಕೆ. ಮೇಜಿನ ಆಟ ಗೊತ್ತೇ ಇಲ್ಲದವರು ಇದನ್ನು ಆಡಿದರೆ ಖುಷಿಪಡಬಹುದು, ಅವರಿಗೆ ಇದು ಕತ್ತಿ ಬೀಸುವ ಒಳ್ಳೆಯ ಆಟ. ನಮ್ಮ ಹಾಗೆ ಊರು ಬಿಟ್ಟ ಗುಂಪನ್ನು ಒಟ್ಟು ಸೇರಿಸಲಿಕ್ಕೆ ಹುಡುಕುತ್ತಿದ್ದರೆ ದುಡ್ಡು ಹಾಕಬೇಡಿ, ವಿಡಿಯೋ ಕಾಲ್ ಸಾಕು. ನಾವು ಈಗ ಅದನ್ನೇ ಮಾಡುತ್ತಿದ್ದೇವೆ. ಇಲ್ಲಿ ರಾತ್ರಿ ಒಂಬತ್ತು, ದುಬೈಯಲ್ಲಿ ಏಳೂವರೆ. ಭಾವ ಒಂದು ಫೋನನ್ನು ಅಕ್ಕಿಡಬ್ಬಕ್ಕೆ ಒರಗಿಸಿ ದಾಳದ ತಟ್ಟೆಗೆ ಮುಖ ಮಾಡಿ ಇಡುತ್ತಾರೆ. ಮಳೆ ಜೋರಾದರೆ ಕರೆಂಟು ಹೋಗುತ್ತದೆ, ಕರೆಂಟಿನ ಹಿಂದೆಯೇ ನೆಟ್, ಮತ್ತೆ ಬರುವವರೆಗೆ ದುಬೈಯವನ ಪಾತ್ರ ಕಥೆಯಲ್ಲಿ ಮೂರ್ಛೆ ಹೋಗಿ ಬಿದ್ದಿರುತ್ತದೆ. ಇದುವರೆಗೆ ಒಂಬತ್ತು ಸಲ ಬಿದ್ದಿದ್ದಾನೆ. ಅವನಿಗೆ ಏನೋ ಶಾಪ ಇರಬೇಕು ಅಂತ ಭಾವ ಕಳೆದ ವಾರದಿಂದ ಕಥೆಯಲ್ಲೇ ಸೇರಿಸಿದ್ದಾರೆ. ಶಾಪ ಕೊಟ್ಟವರು ಯಾರು ಅಂತ ಹುಡುಕಿಕೊಂಡು ನಾವು ಈಗ ಘಟ್ಟ ಹತ್ತುತ್ತಿದ್ದೇವೆ.