ಗೋಣಿಕೊಪ್ಪದ ಬಿಜಿಎಂಐ ಫೈನಲ್ಸ್: ಲೈಟ್-ಸೌಂಡ್-ಸ್ಕ್ರೀನ್ ಸೆಟಪ್ ಹೇಗಿತ್ತು

ಮೊದ್ಲೇ ಹೇಳ್ಬಿಡ್ತೀನಿ, ನಿಮ್ಮೂರಲ್ಲಿ ಯಾರಾದ್ರೂ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಕೊನೆವರೆಗೆ ಉಳಿದ ಟೀಮ್ ಗೆಲ್ಲೋ ಮೊಬೈಲ್ ಶೂಟಿಂಗ್ ಗೇಮ್) ಟೂರ್ನಮೆಂಟ್ ಮಾಡೋ ಪ್ಲಾನಲ್ಲಿದ್ರೆ ಪ್ರೈಜ್ ಮನಿ ಒಂಚೂರು ಕಮ್ಮಿ ಆದ್ರೂ ಪರ್ವಾಗಿಲ್ಲ, ಇಂಥ ಒಂದು ಸೆಟಪ್ ಹಾಕ್ಸಿ. ಗೋಣಿಕೊಪ್ಪದಲ್ಲಿ ನಮ್ಮ ಹುಡುಗ್ರು ನಡೆಸಿದ ಫೈನಲ್ಸ್‌ಗೆ ಲೈಟು, ಸೌಂಡು, ಎಲ್‌ಇಡಿ ವಾಲ್, ಕ್ಯಾಮೆರಾ ಎಲ್ಲಾ ಒಂದೇ ಟೀಮಿಗೆ ವಹಿಸಿದ್ರು, ಈ ರಿವ್ಯೂ ಆ ಟೀಮಿನ ಕೆಲಸದ ಬಗ್ಗೆ. ಹೆಸರು ಇಲ್ಲಿ ಹಾಕ್ತಿಲ್ಲ, ಕಂಪ್ಲೇಂಟ್ ಏನಿತ್ತೋ ಅದನ್ನ ಅವ್ರಿಗೇ ನೇರವಾಗಿ ಹೇಳಿದೀನಿ.

ಮೊಬೈಲ್ ಗೇಮನ್ನ ಹಾಲಲ್ಲಿ ಕೂತು ನೋಡೋದು ಎಷ್ಟು ಕಷ್ಟ ಅಂತ ನೋಡಿದವ್ರಿಗೇ ಗೊತ್ತು. 16 ಟೀಮು, ಟೀಮಿಗೆ 4 ಜನ, ಒಟ್ಟು 64 ಪ್ಲೇಯರ್ಸು, ಆಟ ನಡೆಯೋ ಎರಾಂಗಲ್ ಮ್ಯಾಪ್ ಅಂದ್ರೆ 8 ಕಿಲೋಮೀಟರ್ ಉದ್ದ 8 ಕಿಲೋಮೀಟರ್ ಅಗಲ, ಅಷ್ಟೂ ನಡೆಯೋದು ಅಂಗೈಯಗಲದ ಸ್ಕ್ರೀನಲ್ಲಿ. ಹಾಕಿ ನೋಡಿ ಬೆಳೆದ ಊರು ನಮ್ದು, 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಟೂರ್ನಮೆಂಟ್ ಶುರುವಾದಾಗಿಂದ ಅಜ್ಜಿಯಿಂದ ಮೊಮ್ಮಕ್ಕಳ ತನಕ ಗ್ಯಾಲರಿಲಿ ಕೂತು ಕಿರುಚಿದೋರು, ಆದ್ರೆ ಅಲ್ಲಿ ಬಾಲ್ ಎಲ್ಲಿದೆ ಅಂತ ಎಲ್ರಿಗೂ ಕಾಣುತ್ತೆ. ಇಲ್ಲಿ ಬಾಲೇ ಇಲ್ಲ, ಒಂದೇ ಟೈಮಲ್ಲಿ ನಾಲ್ಕು ಕಡೆ ಫೈಟ್ ನಡೀತಿರುತ್ತೆ, ಎಲ್ಲಿ ನೋಡ್ಬೇಕು ಅಂತಾನೇ ಗೊತ್ತಾಗಲ್ಲ.

ಅದಕ್ಕೇ ನಾನು ಫುಲ್ ಮಾರ್ಕ್ಸ್ ಕೊಡೋದು ಮೊದ್ಲು ಅಬ್ಸರ್ವರ್‌ಗೆ. ಕಸ್ಟಮ್ ರೂಮಿಗೆ, ಅಂದ್ರೆ ಟೂರ್ನಮೆಂಟಿಗೆ ಅಂತಾನೇ ತೆರೆದ ಪ್ರೈವೇಟ್ ಮ್ಯಾಚಿಗೆ, ಸ್ಪೆಕ್ಟೇಟರ್ ಆಗಿ ಸೇರ್ಕೊಂಡು ಯಾವ ಪ್ಲೇಯರ್ ಕಣ್ಣಿಂದ ಆಟ ತೋರಿಸ್ಬೇಕು ಅಂತ ಕ್ಷಣಕ್ಷಣಕ್ಕೂ ಡಿಸೈಡ್ ಮಾಡೋ ಹುಡುಗ ಅವ್ನು. ಗುಂಡು ಹಾರಿದ ಮೇಲೆ ಆ ಕಡೆ ಓಡೋ ಅಬ್ಸರ್ವರ್ಸನ್ನ ಯೂಟ್ಯೂಬಲ್ಲಿ ಬೇಕಾದಷ್ಟು ನೋಡಿದೀನಿ, ಕಿಲ್ ಆಗೋಗಿರುತ್ತೆ, ನಮಗೆ ಕಾಣೋದು ಬರೀ ಕ್ರೇಟು, ಸತ್ತೋನು ಬಿಟ್ಟೋದ ಸಾಮಾನಿನ ಪೆಟ್ಟಿಗೆ. ಇವ್ನು ಹಾಗಲ್ಲ, ಎರಡು ಟೀಮ್ ಒಂದೇ ಕಾಂಪೌಂಡ್ ಕಡೆ ಬರ್ತಿದಾವೆ ಅಂತ ಮ್ಯಾಪಲ್ಲಿ ನೋಡಿದ ತಕ್ಷಣ ಅಲ್ಲಿ ಹೋಗಿ ಕಾಯ್ತಿದ್ದ, ಹಾಲಲ್ಲಿ ಇದ್ದೋರಿಗೆ ಗೊತ್ತು, ಒಳಗಿರೋ ಪ್ಲೇಯರ್‌ಗೆ ಗೊತ್ತಿಲ್ಲ, ಆ ಹತ್ತು ಸೆಕೆಂಡು ಇಡೀ ಹಾಲ್ ಉಸಿರು ಬಿಗಿಹಿಡಿದು ಕೂತಿತ್ತು.

ಈಗ ಲೈಟಿಂಗ್‌ಗೆ ಬರ್ತೀನಿ, ನಿಜವಾದ ಮಜಾ ಇದ್ದಿದ್ದು ಇಲ್ಲೇ. ಒಂದೊಂದು ಟೀಮಿನ ಟೇಬಲ್ ಮೇಲೂ ಒಂದೊಂದು ಲೈಟು. ಟೀಮಲ್ಲಿ ಒಬ್ಬ ಔಟಾದ್ರೆ ಆ ಲೈಟು ಸ್ವಲ್ಪ ಮಬ್ಬಾಗುತ್ತೆ, ಇನ್ನೊಬ್ಬ ಔಟಾದ್ರೆ ಇನ್ನೂ ಮಬ್ಬು, ನಾಲ್ಕೂ ಜನ ಹೋದ್ರೆ ಆ ಟೇಬಲ್ ಪೂರ್ತಿ ಕತ್ತಲು. ಆಟದಲ್ಲಿ ಸೇಫ್ ಜಾಗ ಚಿಕ್ಕದಾಗ್ತಾ, ಅದರ ಸುತ್ತ ಇರೋ ಅಪಾಯದ ಬ್ಲೂ ಝೋನ್ ಒಳಗೆ ಒತ್ಕೊಂಡು ಬಂದ ಹಾಗೆ ಹಾಲಿನ ನಾಲ್ಕೂ ಗೋಡೆಯಿಂದ ನೀಲಿ ಬೆಳಕು ಸ್ಟೇಜ್ ಕಡೆ ಹತ್ತಿರ ಹತ್ತಿರ ಬರುತ್ತೆ. ಕೊನೆ ಸರ್ಕಲ್‌ನಲ್ಲಿ ಹದಿನಾರು ಟೇಬಲಲ್ಲಿ ಮೂರೇ ಮೂರು ಉರೀತಿತ್ತು, ಒಂದಂತೂ ಮಿಣುಕ್ ಅಂತಿತ್ತು, ಆ ಟೀಮಲ್ಲಿ ಉಳಿದಿದ್ದು ಒಬ್ನೇ ಹುಡುಗ. ನನ್ ಪಕ್ಕ ಕೂತಿದ್ದ ಅಂಕಲ್‌ಗೆ ಎಂ416 ಅಂದ್ರೇನು ಸ್ಮೋಕ್ ಅಂದ್ರೇನು ಒಂದೂ ಗೊತ್ತಿಲ್ಲ, ಮಗನ್ನ ಕರ್ಕೊಂಡು ಹೋಗೋಕೆ ಬಂದಿದ್ರು, ಆ ಲೈಟ್ ನೋಡಿ "ಅಯ್ಯೋ ಆ ಹುಡ್ಗ ಒಬ್ನೇ ಇದ್ದಾನಾ ಮಾರಾಯ" ಅಂತ ನನ್ನ ಕೇಳಿ ಅಲ್ಲೇ ಕೂತುಬಿಟ್ರು, ಮ್ಯಾಚ್ ಮುಗಿಯೋ ತನಕ ಏಳ್ಲಿಲ್ಲ.

ಹೇಗೆ ಮಾಡಿದ್ರಿ ಅಂತ ಬ್ರೇಕಲ್ಲಿ ಹೋಗಿ ಕೇಳ್ದೆ. ಕೌಂಟರ್ ಸ್ಟ್ರೈಕ್, ಡೋಟಾ 2 ತರದ ಗೇಮಲ್ಲಿ ವಾಲ್ವ್ ಕಂಪನಿನೇ ಗೇಮ್ ಸ್ಟೇಟ್ ಇಂಟಿಗ್ರೇಷನ್ ಅಂತ ಕೊಟ್ಟಿದೆ, ಬಾಂಬ್ ಇಟ್ರು, ಪ್ಲೇಯರ್ ಹೆಲ್ತ್ ಇಷ್ಟಾಯ್ತು ಅನ್ನೋ ಡೇಟಾ ಗೇಮಿಂದಾನೇ ಹೊರಗೆ ಬರುತ್ತೆ, ಅದನ್ನ ಲೈಟಿಂಗ್ ಸಾಫ್ಟ್‌ವೇರಿಗೆ ಕೊಟ್ರೆ ಲೈಟು ತಾನಾಗೇ ಬದಲಾಗುತ್ತೆ. ನಮ್ಮಂಥ ಸಣ್ಣ ಊರಿನ ಬಿಜಿಎಂಐ ಟೂರ್ನಮೆಂಟಿಗೆ ಆ ಸೌಲಭ್ಯ ಎಲ್ಲಿಂದ ಬರ್ಬೇಕು, ಅದಕ್ಕೆ ಇವ್ರು ಎಲ್ಲಾನೂ ಕೈಯಲ್ಲೇ ಮಾಡಿದ್ರು. ಒಬ್ರು ಡಿಎಂಎಕ್ಸ್ ಕನ್ಸೋಲ್ (ಲೈಟ್ ಕಂಟ್ರೋಲ್ ಮಾಡೋ ಬೋರ್ಡು) ಮುಂದೆ ಕೂತು ಕಿಲ್ ಫೀಡ್, ಅಂದ್ರೆ ಯಾರು ಯಾರನ್ನ ಹೊಡೆದ್ರು ಅಂತ ಸ್ಕ್ರೀನಲ್ಲಿ ಬರೋ ಪಟ್ಟಿ, ನೋಡ್ತಾ ಫೇಡರ್ ಎಳೀತಿದ್ರು, ಪಕ್ಕದಲ್ಲಿ ಇನ್ನೊಬ್ಬ ಹುಡುಗ ಟೀಮ್ ನಂಬರ್ ಕೂಗಿ ಹೇಳ್ತಿದ್ದ, "ಏಳು ಒಂದು, ಹನ್ನೆರಡು ಫುಲ್" ಅಂತ, ಅಂದ್ರೆ ಏಳನೇ ಟೀಮಲ್ಲಿ ಒಬ್ಬ ಔಟು, ಹನ್ನೆರಡನೇ ಟೀಮ್ ಪೂರ್ತಿ ಔಟು. ಆ ಕನ್ಸೋಲ್‌ನೋರು ದಸರಾ ಮಂಟಪಗಳಿಗೆ ಲೈಟ್ ಮಾಡೋರಂತೆ! ಅದು ಗೊತ್ತಾದ್ಮೇಲೆ ಎಲ್ಲಾ ಅರ್ಥ ಆಯ್ತು. ವಿಜಯದಶಮಿ ರಾತ್ರಿ ಮಡಿಕೇರಿ ದಶಮಂಟಪ ನೋಡಿದವ್ರಿಗೆ ಹೇಳೋದೇ ಬೇಡ, ರಾಕ್ಷಸ ಬಾಯಿ ತೆಗೆಯೋದಕ್ಕೂ ಸೌಂಡಿಗೂ ಹೊಗೆಗೂ ಲೈಟಿಗೂ ಒಂದು ಸೆಕೆಂಡ್ ಆಚೆ ಈಚೆ ಆಗಂಗಿಲ್ಲ, ರಸ್ತೇಲಿ ನಿಂತಿರೋ ಅಷ್ಟೂ ಜನಕ್ಕೆ ಕಥೆ ಮುಟ್ಟಬೇಕು. ಆ ಕೈಚಳಕ ನಮ್ಮ ಜಿಲ್ಲೇಲಿ ಮುಂಚಿನಿಂದಾನೂ ಇದೆ, ಬೆಂಗಳೂರಿಂದ ಯಾರನ್ನೂ ಕರ್ಸೋ ಅಗತ್ಯ ಇರ್ಲಿಲ್ಲ ಅಂತ ಖುಷಿಯಾಯ್ತು ನಂಗೆ.

ಕಾಮೆಂಟ್ರಿ ಕನ್ನಡದಲ್ಲಿತ್ತು, ಟೆನ್ಷನ್ ಜಾಸ್ತಿ ಆದಾಗ ಕೊಡವ ತಕ್ಕ್‌ಗೆ ಜಾರ್ತಿತ್ತು, ಹಾಗಾದಾಗೆಲ್ಲಾ ಹಿಂದಿನ ಸಾಲಿಂದ ಶಿಳ್ಳೆ.

ಅಷ್ಟೊಂದು ಇಷ್ಟ ಆಗದೇ ಇದ್ದಿದ್ದು ಎಆರ್ (ಆಗ್ಮೆಂಟೆಡ್ ರಿಯಾಲಿಟಿ, ಕ್ಯಾಮೆರಾದ ನಿಜವಾದ ದೃಶ್ಯದ ಮೇಲೆ ಕಂಪ್ಯೂಟರ್ ಚಿತ್ರ ಕೂರಿಸೋದು) ಕಾರ್ನರ್. ಕ್ಯೂಆರ್ ಸ್ಕ್ಯಾನ್ ಮಾಡಿದ್ರೆ ಫೋನಲ್ಲಿ ಏರ್‌ಡ್ರಾಪ್ (ಆಟದಲ್ಲಿ ವಿಮಾನದಿಂದ ಬೀಳೋ ಸಾಮಾನಿನ ಪೆಟ್ಟಿಗೆ) ಇಳಿಯೋದು ಕಾಣುತ್ತೆ ಅಂದ್ರು, ಅಷ್ಟು ಜನ ಒಂದೇ ಕಡೆ ಇದ್ದಾಗ ಮೊಬೈಲ್ ಡೇಟಾ ಎಲ್ಲಿ ಓಡುತ್ತೆ, ಲೋಡ್ ಆಗ್ತಾನೇ ಇತ್ತು. ಅಸಲಿಗೆ ಇದು ಮನೇಲಿ ಕೂತು ಸ್ಟ್ರೀಮ್ ನೋಡೋರಿಗೆ ಸರಿಹೋಗೋ ಐಟಂ. 2017ರಲ್ಲಿ ಬೀಜಿಂಗಿನ ಬರ್ಡ್ಸ್ ನೆಸ್ಟ್ ಸ್ಟೇಡಿಯಮ್ಮಲ್ಲಿ ಲೀಗ್ ಆಫ್ ಲೆಜೆಂಡ್ಸ್ ವರ್ಲ್ಡ್ಸ್ ಫೈನಲ್ ಓಪನಿಂಗ್‌ಗೆ ಎಆರ್ ಡ್ರ್ಯಾಗನ್ ಹಾರಿ ಬಂತಲ್ಲ, ಪ್ರಪಂಚ ಎಲ್ಲಾ ಹೊಗಳ್ತು, ಆದ್ರೆ ಸ್ಟೇಡಿಯಂ ಒಳಗಿದ್ದೋರು ತಲೆ ಎತ್ತಿದ್ರೆ ಖಾಲಿ ಆಕಾಶ, ಡ್ರ್ಯಾಗನ್ ಬೇಕಂದ್ರೆ ಅವ್ರೂ ದೊಡ್ಡ ಸ್ಕ್ರೀನೇ ನೋಡ್ಬೇಕಿತ್ತು. ದುಡ್ಡು ಕೊಟ್ಟು, ಚಳೀಲಿ ಸ್ಕೂಟರ್ ಓಡ್ಸ್ಕೊಂಡು ಹಾಲಿಗೆ ಬಂದೋರಿಗೆ ಕೊಡ್ಬೇಕಾಗಿರೋದು ಮೈಗೆ ಮುಟ್ಟೋವಂಥದ್ದು, ಲೈಟು, ಬೇಸು, ಪಕ್ಕದೋರ ಕಿರುಚಾಟ. ಆ ಎಆರ್ ದುಡ್ಡಲ್ಲಿ ಇನ್ನೊಂದು ಸ್ಕ್ರೀನ್ ಹಾಕ್ಬೋದಿತ್ತು.

ಯಾಕಂದ್ರೆ ಸ್ಕ್ರೀನ್ ವಿಷ್ಯದಲ್ಲಿ ನಂಗೆ ನಿಜವಾಗ್ಲೂ ಬೇಜಾರಿದೆ. ಪಿ3.9 ಪ್ಯಾನೆಲ್ ಹಾಕಿದ್ರು, ಅಂದ್ರೆ ಒಂದು ಪಿಕ್ಸೆಲ್‌ಗೂ ಇನ್ನೊಂದಕ್ಕೂ 3.9 ಮಿಲಿಮೀಟರ್ ಅಂತರ, ಅಂಥ ವಾಲನ್ನ ಕಮ್ಮಿ ಅಂದ್ರೂ ನಾಲ್ಕು ಮೀಟರ್ ದೂರದಿಂದ ನೋಡಿದ್ರೆನೇ ಚಂದ. ಮುಂದಿನ ಎರಡು ಸಾಲು ಚೇರ್ ಅದಕ್ಕಿಂತ ಹತ್ತಿರ ಇತ್ತು, ಅಲ್ಲಿ ಕೂತ ಚಿಕ್ಕ ಮಕ್ಕಳಿಗೆ ಕಂಡಿದ್ದು ಬರೀ ಚುಕ್ಕಿ ಚುಕ್ಕಿ. ಹಿಂದಿನವ್ರಿಗೆ ಉಲ್ಟಾ ಕಷ್ಟ, ಕಿಲ್ ಫೀಡ್ ಅಕ್ಷರ ಓದೋಕೇ ಆಗ್ತಿರ್ಲಿಲ್ಲ. ಮ್ಯಾಪು ಮತ್ತೆ ಪಾಯಿಂಟ್ಸ್ ಟೇಬಲ್‌ಗೆ ಅಂತ ಪಕ್ಕದಲ್ಲೊಂದು ಸ್ಕ್ರೀನ್ ಇದ್ದಿದ್ರೆ ಸಾಕಿತ್ತು. ಸೌಂಡೂ ಅಷ್ಟೇ, ಶೀಟ್ ಚಾವಣಿ ಆಗಿದ್ರಿಂದ ಗ್ರೆನೇಡ್ ಬಿದ್ದಾಗೆಲ್ಲಾ ಗುಂಯ್ ಅಂತ ಎಕೋ ಹೊಡ್ದು ಕಾಮೆಂಟ್ರಿ ಮುಚ್ಚೋಗ್ತಿತ್ತು, ಎರಡನೇ ಮ್ಯಾಚಿಂದ ಸಬ್‌ವೂಫರ್ ಇಳ್ಸಿ ಸರಿ ಮಾಡಿದ್ರು.

ಫೇರ್ ಪ್ಲೇ ಕಡೆ ಗಮನ ಕೊಟ್ಟಿದ್ದು ತುಂಬಾ ಇಷ್ಟ ಆಯ್ತು. ಹಾಲಲ್ಲಿ ಎಲ್ರಿಗೂ ಎಲ್ಲಾ ಕಾಣುತ್ತೆ ಅಂದ್ಮೇಲೆ ಒಬ್ಬ ಅಣ್ಣ "ಮನೆ ಹಿಂದೆ ಇದಾನೆ ನೋಡೋ" ಅಂತ ಕೂಗಿದ್ರೆ ಆಟ ಕೆಟ್ಟಂಗೇ. ಪ್ಲೇಯರ್ಸ್ ಬೆನ್ನು ಸ್ಕ್ರೀನ್ ಕಡೆ, ಕಿವಿಯಲ್ಲಿ ಇಯರ್‌ಫೋನ್, ಅದರ ಮೇಲೆ ಸದ್ದು ತಡೆಯೋ ಮಫ್. ಅದನ್ನ ನೋಡಿ ಯಾರೂ ಸುಳಿವು ಕೊಡ್ಬಾರ್ದು ಅಂತ ಯೂಟ್ಯೂಬ್ ಸ್ಟ್ರೀಮ್ ಕೆಲವು ನಿಮಿಷ ಲೇಟಾಗಿ ಹೋಗ್ತಿತ್ತು. ಇನ್ನೊಂದು ಸಣ್ಣ ವಿಷ್ಯ, ಆಡೋದೂ ಅದೇ ಫೋನು, ಮನೆಯಿಂದ ಕಾಲ್ ಬರೋದೂ ಅದೇ ಫೋನಿಗೆ, ಅದಕ್ಕೆ ರೆಫ್ರಿ ಪ್ರತಿ ಟೇಬಲಿಗೂ ಹೋಗಿ ಏರೋಪ್ಲೇನ್ ಮೋಡ್ ಹಾಕ್ಸಿ ವೈಫೈ ಮಾತ್ರ ಆನ್ ಮಾಡಿಸ್ತಿದ್ರು. ಅಂಥದ್ದರ ಮೇಲೆ ಕಣ್ಣಿಡೋ ಟೀಮನ್ನ ನಂಬ್ಬೋದು.

ನೆಟ್ಟು, ಕರೆಂಟು: ನಮ್ಮ ಕಡೆ ಮರದ ಕೊಂಬೆ ಬಿದ್ರೆ ಎರಡೂ ಹೋಗುತ್ತೆ. ಫೈಬರ್ ಜೊತೆ ಬ್ಯಾಕಪ್‌ಗೆ ಸಿಮ್ ರೂಟರ್ ಇಟ್ಟಿದ್ರು, ರೂಟರ್‌ಗೆಲ್ಲಾ ಯುಪಿಎಸ್. ಮೂರನೇ ಮ್ಯಾಚಲ್ಲಿ ಕರೆಂಟ್ ಹೋಯ್ತು, ಜನರೇಟರ್ ಶುರುವಾಗೋ ತನಕ ವಾಲ್ ಕಪ್ಪು, ಆದ್ರೆ ಗೇಮ್ ನಿಲ್ಲಲಿಲ್ಲ, ಒಬ್ಬ ಪ್ಲೇಯರೂ ಡಿಸ್‌ಕನೆಕ್ಟ್ ಆಗ್ಲಿಲ್ಲ.

ಮನೇಲಿ ದೊಡ್ಡೋರು ಬಿಜಿಎಂಐನೂ ಆನ್‌ಲೈನ್ ರಮ್ಮಿನೂ ಒಂದೇ ಅಂದ್ಕೊಂಡಿದಾರೆ. 2025ರ ಆಗಸ್ಟಲ್ಲಿ ಪಾರ್ಲಿಮೆಂಟ್ ಪಾಸ್ ಮಾಡಿದ ಕಾಯ್ದೇಲಿ ದುಡ್ಡು ಕಟ್ಟಿ ಆಡೋ ಗೇಮನ್ನ ಬ್ಯಾನ್ ಮಾಡಿ, ಇ-ಸ್ಪೋರ್ಟ್ಸನ್ನ ಬೇರೆಯಾಗಿ ಗುರುತಿಸಿದಾರೆ ಅಂತ ಸಾಧ್ಯ ಆದ್ರೆ ಹೇಳಿ, ಇಂಥ ಶೋಗೆ ಒಂದ್ಸಲ ಕರ್ಕೊಂಡೂ ಬನ್ನಿ.

ಬುಕ್ ಮಾಡೋರು ಮುಂಚೆನೇ ಹಾಲ್ ತೋರ್ಸಿ ಪಿ2.5 ಪ್ಯಾನೆಲ್ ಸಿಗುತ್ತಾ ಕೇಳಿ, ಮ್ಯಾಪಿಗೆ ಎರಡನೇ ಸ್ಕ್ರೀನ್ ಬರ್ಸ್ಕೊಳ್ಳಿ, ಎಆರ್ ಬೇಡ ಅನ್ನಿ. ಮಳೆಗಾಲದ ಡೇಟ್ ಮಾತ್ರ ಇಟ್ಕೊಳ್ಬೇಡಿ, ಶೀಟಿನ ಮೇಲೆ ಮಳೆ ಹೊಡೆದ್ರೆ ಯಾವ ಸೌಂಡ್ ಸಿಸ್ಟಮ್ಮೂ ಕೇಳ್ಸಲ್ಲ.